ವಾಡಿ ಔಟರ್

ಐದು ಜೀವ ಕೊಡ್ತದ ಆಟ.
ಒಂದು ಹೋದ್ರ ತಿರುಗಿ ತುಂಬ್ಲಿಕ್ಕ ಅರ್ಧ ತಾಸು.
ವಾಡಿ ಔಟರಿನಾಗ ಪ್ಯಾಸೆಂಜರ್ ನಿಂತ್ರ
ಕಮ್ಮಿ ಅಂದ್ರೂ ಒಂದು ಜೀವ ತುಂಬಿದ ಮ್ಯಾಲೇ ಏಳ್ತದ.
ಹನ್ನೊಂದು ವರ್ಷದ ಲೆಕ್ಕ ಇದು.
ಯಾದಗಿರಿ ಖಜಾನ್ಯಾಗ ಬಿಲ್ಲು ನೋಡಾಕಿ ನಾನು,
ಲೆಕ್ಕ ಸುಮ್ಮನ ಹೇಳಾಕಿ ಅಲ್ಲ.

ಮೊದಲು ಹಾವು ಇತ್ತು.
ಕಾಕಾನ ಗುಂಡಿ ಒತ್ತೋ ಫೋನಿನಾಗ
ಕರೀ ಕಡ್ಡಿಯಂಥ ಹಾವು, ತಿಂದಷ್ಟೂ ಉದ್ದಾಗಿ
ತನ್ನ ಬಾಲ ತಾನ ಕಚ್ಚಿ ಸಾಯೂದು.
ಆಮ್ಯಾಲ ಎರಡು ನಾಕಾಗೋದು, ನಾಕು ಎಂಟಾಗೋದು.
ಆಮ್ಯಾಲ ಈ ಪೆಪ್ಪರಮಿಂಟು ಬಣ್ಣದ ಹರಳು.
ಮೂರು ಹೊಂದಿದ್ರ ಸಾಕು,
ಟಣ್ ಅಂತ ಮಾಯ.

ಖಜಾನ್ಯಾಗ ಹೊಂದಿದ್ದು ಮಾಯ ಆಗಂಗಿಲ್ರಿ.
ಹೊಂದಿದ್ದಕ್ಕೂ ಒಂದು ಮುದ್ರಿ, ಒಂದು ದಾರ, ಒಂದು ಕಪಾಟು.
ಹತ್ತು ವರ್ಷ ಅಲ್ಲೇ ಕುಂತು ಧೂಳು ತಿಂತದ.

ಮಹಜಬೀನ್ ಶಾಬಾದಿನಾಕಿ.
ದವಾಖಾನಿ ಲ್ಯಾಬಿನಾಗ ದಿನಾ ನೂರಾರು ನಳಿಗಿ,
ಕೆಂಪು ಮುಚ್ಚಳ, ನೀಲಿ ಮುಚ್ಚಳ, ನೇರಳಿ ಮುಚ್ಚಳ.
ಮಂದಿ ರಕ್ತ ವಿಂಗಡಿಸಿ, ಕೈ ತೊಳಕೊಂಡು,
ಸಂಜಿ ಗಾಡ್ಯಾಗ ಕುಂತ ಕೂಡ್ಲೆ ಫೋನು ತಗದು
ಬಣ್ಣದ ನೀರು ನಳಿಗಿಯಿಂದ ನಳಿಗಿಗೆ ಸುರಿಯೋ ಆಟ!
"ಏ ಮಾರಾಯ್ತಿ, ದಿನಾ ಇದೇ ಕೆಲಸ ಅಲ್ಲೇನು ನಿಂದು?"
"ಇಲ್ಲಿ ತಪ್ಪಿದ್ರ ಹಿಂದ ಹೋಗ್ಲಿಕ್ಕ ಬಾಣ ಅದ" ಅಂದ್ಳು.

ಆಕೀನ ನನ್ನ ಆಟಕ್ಕ ಎಳದಾಕಿ ನಾನ.
ಎರಡು ತಿಂಗಳಾಗ ನನ್ನ ದಾಟಿ ಹೋದ್ಳು.
ನಾಲವಾರ ಬಂದ್ರ ಸಾಕು
"ಜೀವ ಮುಗದಾವ, ಒಂದು ಜೀವ ಕಳಸ"
"ಈಗ ಕಳಸಿದ್ನೆಲ್ಲ, ಅಷ್ಟು ಲಗೂನ ಕಳಕೊಂಡ್ಯಾ?"
ಎದುರಿಗಿ ಕುಂತ ಮುದುಕ, ಚಿತ್ತಾಪುರದಾಂವ,
ಜೀವ ಅಂದಾಗೊಮ್ಮೆ ಬೆಚ್ಚಿ ನೋಡ್ತಿದ್ದ.
ಒಂದಿನ ಕೇಳೇಬಿಟ್ಟ, "ಯವ್ವಾ, ನಿಮ್ಮನ್ಯಾಗ ಯಾರಿಗಿ ಆರಾಮಿಲ್ಲ?"
ನಕ್ಕು ನಕ್ಕು ಆಕಿ ಹನ್ನೆರಡು ನಡೆ ಉಳಿದ ಹಂತ ಸೋತ್ಳು.

ಕರೋನಾ ವರ್ಷ ಶಾಲಿ ಫೋನಿನಾಗ ಬಂತು.
ಆಕಿ ಫೋನು ಮಗನ ಪಾಲಾಯ್ತು.
ಜಾಗ ಸಾಲವಲ್ದು ಅಂತ ಅಂವ ಮೊದಲು ಅಳಿಸಿದ್ದು ಆಟ.
ಪ್ಯಾಸೆಂಜರ್ ಮತ್ತ ಓಡೂದ್ರಾಗ
ಆಕಿಗಿ ಹುಮನಾಬಾದಿಗಿ ವರ್ಗ.
ಹಬ್ಬಕ್ಕ ಫೋನ್ ಮಾಡ್ತಾಳ. ಮಂಡಿನೋವು, ಮಗನ ಡಿಪ್ಲೊಮಾ, ಬ್ಯಾಳಿ ರೇಟು.
ಆಟದ ಮಾತು ಇಬ್ರೂ ತಗಿಯಂಗಿಲ್ಲ.

ನಿನ್ನಿ ಮುಗೀತು.
ಮೂರು ಸಾವಿರದ ಎರಡ್ನೂರಾ ಅರವತ್ತು.
ಔಟರಿನಾಗ, ಕೆಂಪು ದೀಪದ ಎದುರಿಗಿ,
ಸಿಮೆಂಟಿನ ಧೂಳು ಕಿಡಕಿ ಸರಳಿಗಿ ಹತ್ತಿದಾಗ
ಕಡೀ ಹರಳು ಟಣ್ ಅಂತು.
ಪಟಾಕಿ ಹಾರಿದ್ವು ಅಂಗೈಯಷ್ಟು ಆಕಾಶದಾಗ.
'ಎಲ್ಲಾ ಹಂತ ಮುಗಿದಿವೆ. ಹೊಸ ಹಂತಗಳು ಶೀಘ್ರದಲ್ಲಿ.'
ಯಾರಿಗಿ ತೋರಿಸ್ಲಿ?
ಬುಟ್ಟಿ ಹೊತ್ತು ಬಂದ ಶೇಂಗಾದ ಹುಡುಗಗ ತೋರಿಸಿದೆ.
ಬಗ್ಗಿ ನೋಡಿದ, ಖರೇನೇ ನೋಡಿದ.
"ರೊಕ್ಕ ಎಷ್ಟ್ ಬರ್ತದ ಅಕ್ಕಾ?"
"ಏನೂ ಇಲ್ಲೋ."
"ಹಂಗಾದ್ರ ಶೇಂಗಾ ತಗೋರಿ, ಬಿಸಿ ಅವ."

ತಗೊಂಡೆ. ಉಪ್ಪಿನ ಬೆರಳಿಲೇ ನಕಾಶಿ ಕೆಳಗ ಜಗ್ಗಿದೆ.
ಜಗ್ಗಿದಷ್ಟೂ ಹಾದಿ: ಮಂಜಿನ ಊರು, ಮಿಠಾಯಿ ಊರು,
ಹೆಸರು ಮರತ ಹೊಳಿ, ನಾಕು ದಿನ ಕಾಡಿದ ಒಂದು ಸೇತುವಿ,
ಮಾವ ತೀರಿದ ವಾರ ಆಡಿದ್ದು, ಹೆರಿಗಿ ವಾರ್ಡಿನಾಗ ಆಡಿದ್ದು,
ನೋಡಿದ್ರ ಗುರ್ತು ಸಿಗಂಗಿಲ್ಲ, ಎಲ್ಲಾ ಒಂದೇ ಥರ ಗುಂಡು ಗುಂಡು.
ಹನ್ನೊಂದ್ನೂರಾ ನಲವತ್ತೇಳರ ಬದಿಗಿ
ಸಣ್ಣ ಗುಂಡಿನಾಗ ಮಹಜಬೀನ್,
ಹಸರು ದುಪಟ್ಟಾ, ಹಳೇ ಫೋಟೊ,
ನಮ್ಮ ಡಬ್ಬಿ ಕಿಡಕಿ ಬಾಜೂನೇ ತಗದದ್ದು.
ಅರ್ಧ ಕತ್ತರಿಸಿದ್ದು ನನ್ನ ಭುಜ.

ಒತ್ತಿದೆ.
'ಜೀವ ಕಳಿಸಲಾಗಿದೆ. ಮತ್ತೆ ಕಳಿಸಲು ಇಪ್ಪತ್ನಾಕು ತಾಸು ಕಾಯಿರಿ.'

ದೀಪ ಹಸರಾತು ಅಂತ ಯಾರೋ ಅಂದ್ರು.
ಗಾಡಿ ಒಂದು ಸಲ ಜಗ್ಗಿ
ಮತ್ತ ಅಲ್ಲೇ ನಿಂತು.