ನಡುವೆ ಒಂದು ಉರಿಯದ ಮಣಿ

ಸಿನಾನ್ ಮೊಬೈಲ್ ಅಂಗಡಿಯ ಬಾಗಿಲೆಳೆದು ಬಂದು
ನನ್ನ ಊಟದ ಮೇಜಿನ ಮೇಲೆ ಮೂರು ಚಿತ್ರ ಹರಡಿದ.
"ಅಪೊಲಿನ್ ಆಂಟಿ, ದೀಪ ಆಮೇಲೆ.
ಮೊದಲು ಕಂಟ್ರೋಲರ್ ಯಾವುದು, ಹೇಳಿ."

ಒಂದು ಬೆಂಕಿಪೊಟ್ಟಣದಷ್ಟು. ಅಗ್ಗ. ವೈಫೈಯಲ್ಲಿ ಮಾತು.
ಅವನು ಪೋರ್ಟ್ ಅನ್ನುವುದು ನನ್ನ ಲೆಕ್ಕದಲ್ಲಿ ಬಾಯಿ,
ಅದಕ್ಕಿರುವುದು ಒಂದೇ ಬಾಯಿ.
ಇನ್ನೊಂದಕ್ಕೆ ಹದಿನಾರು. ಮದುವೆ ಹಾಲಿಗೆ ಸರಿ.
ನನಗಿರುವುದು ಮಾಡು ಒಂದು, ಜಗಲಿಯ ಕಂಬ ಎರಡು,
ಗೇಟಿನ ಹತ್ತಿರ ಕಿತ್ತಳೆ ಗಿಡ ಒಂದು.
ಬೆರಳು ಮಡಿಚಿದೆ. ನಾಲ್ಕು.

ವೈಫೈ ಬೇಡ, ಅಂದೆ. ಈ ಗೋಡೆ ಎರಡಡಿ ದಪ್ಪ,
ಒಳಗಿನಿಂದ ಕೂಗಿದರೆ ಜಗಲಿಯಲ್ಲಿ ನನ್ನ ತಮ್ಮ ಲಾದ್ರುಗೆ ಕೇಳುವುದಿಲ್ಲ.
ಅವನಿಗೆ ಎಲ್ಲಿಯೂ ಕೇಳುವುದಿಲ್ಲ, ಅದು ಬೇರೆ ಮಾತು.
ತಂತಿ ಇರಲಿ.
ಮೂವತ್ತೊಂದು ವರ್ಷ ತಂತಿಯ ಅನ್ನ ತಿಂದವಳು ನಾನು.

ಐದು ವೋಲ್ಟೋ, ಹನ್ನೆರಡೋ?
ಐದಾದರೆ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ
ಬಿಳಿ ಬಳಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದಂತೆ.
ಗೊತ್ತು ಬಿಡು, ನಡುರಾತ್ರಿ ಪೂಜೆಯ ಕೊನೆಯ ಹಾಡಿಗೆ
ನಮ್ಮ ಗಾಯನ ಮಂಡಳಿಯೂ ಹಾಗೇ.
ಹನ್ನೆರಡು ಅಂತ ಬರೆದುಕೋ. ಬಾಯಿಗೊಂದು ಫ್ಯೂಸ್.
ಕರೆಂಟು ಹೋಗಿ ಬಂದರೆ, ಅಮ್ಮತ್ತಿಯಲ್ಲಿ ಹೋಗದೆ ಇರುತ್ತದೆಯೆ,
ಯಾರೂ ಎಬ್ಬಿಸದೆ ತಾನೇ ಏಳಬೇಕು.

ಮಣಿಗಳು ಮಾತಾಡುವುದು ಹೇಗೆಂದು ಆಮೇಲೆ ಹೇಳಿದ:
ಪೆಟ್ಟಿಗೆ ಎಲ್ಲರ ಬಣ್ಣವನ್ನೂ ಒಟ್ಟಿಗೆ ಕಳಿಸುತ್ತದೆ,
ಮೊದಲ ಮಣಿ ಮೊದಲನೆಯದನ್ನು ಇಟ್ಟುಕೊಂಡು
ಮಿಕ್ಕಿದ್ದನ್ನು ಪಕ್ಕಕ್ಕೆ ದಾಟಿಸುತ್ತದೆ. ಎರಡನೆಯದೂ ಅಷ್ಟೇ.
ಯಾರೂ ಎರಡು ಪಾಲು ತೆಗೆಯುವುದಿಲ್ಲ.
ನಮ್ಮ ಬೀದಿಯ ಕುಸ್ವಾರ್ ತಟ್ಟೆ ಇವುಗಳಿಂದ ಕಲಿಯಬೇಕು.

ತೊಂದರೆ ಕಿತ್ತಳೆ ಗಿಡದ್ದು.
ಕಾಫಿ ಹರವಿದ ಕಣ ದಾಟಿ ಐವತ್ತಡಿ.
ಅಷ್ಟು ದೂರ ನಡೆದರೆ ಮಾತು ಸವೆಯುತ್ತದೆ,
ಗಿಡ ಬಾಯಿಗೆ ಬಂದಂತೆ ಮಿಟುಕುತ್ತದೆ.
"ಉಪಾಯ ಇದೆ ಆಂಟಿ. ತಂತಿಯ ನಡುವೆ ಒಂದು ಮಣಿ ಹಾಕೋಣ.
ಅದು ಕೇಳಿಸಿಕೊಂಡು, ತಿದ್ದಿ, ಗಟ್ಟಿಯಾಗಿ ಮುಂದಕ್ಕೆ ಹೇಳುತ್ತದೆ.
ಅದಕ್ಕೆ ಮಾತ್ರ ಬಣ್ಣ ಕೊಡುವುದಿಲ್ಲ.
ಅದು ಉರಿಯುವುದಿಲ್ಲ."

ಬೆಲ್ಲದ ಕಾಫಿಯ ಲೋಟ ಕೆಳಗಿಟ್ಟೆ.

ಅಮ್ಮತ್ತಿ ಎಕ್ಸ್‌ಚೇಂಜ್, ಎಪ್ಪತ್ತೊಂಬತ್ತರ ಜುಲೈ,
ಮೈಸೂರಿನ ಲೈನಿನಲ್ಲಿ ಬರೀ ಗಾಳಿ.
ಆ ಕಡೆ ಆಸ್ಪತ್ರೆಯಿಂದ ಒಬ್ಬಳು ಅತ್ತೆ,
ಈ ಕಡೆ ಎಸ್ಟೇಟ್ ರೈಟರ್ ಬೆಳ್ಯಪ್ಪ.
ಅವರಿಗೆ ಒಬ್ಬರದೊಬ್ಬರಿಗೆ ಕೇಳದು,
ನಡುವೆ ಕೂತ ನನಗೆ ಎರಡೂ ಕೇಳುತ್ತದೆ.
"ಹೆಣ್ಣಂತೆ," ಅಂದೆ.
"ಏನು?"
"ಹೆಣ್ಣು. ಎರಡೂ ಮುಕ್ಕಾಲು ಕೆ.ಜಿ."
ಗಂಟಲು ಸರಿಮಾಡಿಕೊಂಡು, "ಅವಳು?" ಅಂದ.
ದಾಟಿಸಿದೆ. ಕಾದೆ.
ಮೂರು ನಿಮಿಷ ಮುಗಿದದ್ದನ್ನು ಬರೆಯಲಿಲ್ಲ.
"ಗಂಜಿ ಕುಡಿದಳಂತೆ," ಅಂದೆ.
ಅವನು ಆ ಕಡೆಗೆ ಥ್ಯಾಂಕ್ಸ್ ಹೇಳಿದ.
ಅದನ್ನೂ ದಾಟಿಸಿದೆ.

"ಆಂಟಿ?" ಅಂದ ಸಿನಾನ್.
ನಾಲ್ಕು ಬಾಯಿಯದ್ದೇ ತರಿಸು, ಅಂದೆ.

ಇಪ್ಪತ್ಮೂರರ ರಾತ್ರಿ, ಮಂಜು ಮಾಡಿನ ಮಟ್ಟಕ್ಕೆ ಇಳಿದಿತ್ತು.
ಮಾಡು ನೀಲಿ, ಕಂಬಗಳು ಬಿಳಿ, ಗೇಟಿನಲ್ಲಿ ಕಿತ್ತಳೆ ಗಿಡ
ತನ್ನ ಹಣ್ಣಿನ ಬಣ್ಣವನ್ನೇ ತಪ್ಪಿಲ್ಲದೆ ಒಪ್ಪಿಸಿತು.
ಕಣದ ಮೇಲೆ, ಕವೆಕೋಲಿಗೆ ಕಟ್ಟಿದ ತಂತಿಯಲ್ಲಿ,
ಇಬ್ಬನಿಗೆಂದು ಟೇಪು ಸುತ್ತಿಸಿಕೊಂಡು ಆ ಒಂದು ಮಣಿ.

ಲಾದ್ರು ಕೋಲೆತ್ತಿ ತೋರಿಸಿದ, "ಅದೊಂದು ಸತ್ತಿದೆಯಲ್ಲ?"
"ಸತ್ತಿಲ್ಲ, ಡ್ಯೂಟಿಯಲ್ಲಿದೆ!"
"ಏನು?"
ಇನ್ನೊಮ್ಮೆ ಕೂಗಲು ಬಾಯಿ ತೆರೆದೆ.
ನಮ್ಮಿಬ್ಬರ ನಡುವೆ ನಿಂತಿದ್ದ ಸಿನಾನ್
ಅವನ ಕಿವಿಯತ್ತ ಬಾಗುತ್ತಿದ್ದ.