ಬೇಸಿಗೆಯ ಎಣ್ಣೆ

ನಾಲ್ಕು ದಿನದ ಹಿಂದೆ ಪಂಪಿನ ಹುಡುಗ ಆಣೆ ಮಾಡಿದ್ದ:
ಚಳಿಗಾಲದ್ದೇ ಅಕ್ಕಾ, ಮೈನಸ್ ಮೂವತ್ತೈದಕ್ಕೂ ಗಟ್ಟಿಯಾಗದು.
ನಳಿಕೆ ಹಿಡಿದ ಅವನ ಕೈಗೆ ಗವಸಿರಲಿಲ್ಲ.
ನಂಬಿದೆ. ಬರಿಗೈಯವರ ಮಾತು
ಯಾಕೋ ನಿಜ ಅನ್ನಿಸುತ್ತದೆ.

ಈಗ ರಾತ್ರಿ ಎರಡೂವರೆ. ಗೋಬಿ. ಮೈನಸ್ ಇಪ್ಪತ್ತೊಂಬತ್ತು.
ಗಡಿಯ ಗೇಟಿಗೆ ಇನ್ನೂ ಹನ್ನೊಂದು ಕಿಲೋಮೀಟರು,
ಮುಂದೆ ಕಲ್ಲಿದ್ದಲಿನ ಲಾರಿ, ಹಿಂದೆ ಕಲ್ಲಿದ್ದಲಿನ ಲಾರಿ,
ಇಲ್ಲಿ ಯಾರೂ ಕೀಲಿ ತಿರುಗಿಸಿ ಮಲಗುವುದಿಲ್ಲ.
ಎಂಜಿನ್ನು ನಿಂತರೆ ನಿದ್ದೆಯಲ್ಲೇ ಎಚ್ಚರಾಗುತ್ತದೆ,
ಮಗ್ಗುಲ ಕೂಸು ಉಸಿರು ಬಿಗಿಹಿಡಿದಾಗ
ಆಗುತ್ತದಲ್ಲ, ಹಾಗೆ.

ನನ್ನದು ಮೊದಲು ಕೆಮ್ಮಿತು. ಆಮೇಲೆ ಬಿಕ್ಕಿತು.
ಆಮೇಲೆ, ಮಾತಿನ ನಡುವೆ ಎದ್ದುಹೋದವರಂತೆ,
ಇರಲಿಲ್ಲ.

ಇಳಿದೆ. ಮೂಗಿನ ಕೂದಲು ಸೂಜಿಯಾಯಿತು.
ಫಿಲ್ಟರು ಬಿಚ್ಚಿ ಟಾರ್ಚು ಹಿಡಿದರೆ
ಒಳಗೆ ಬಿಳೀ ಮೇಣ,
ತಣಿದ ಸಾರಿನ ಮೇಲೆ ಕುರಿಬಾಲದ ಕೊಬ್ಬು ಕಟ್ಟಿದ ಹಾಗೆ.
ಬೆರಳಲ್ಲಿ ಬಳಿದು ಉಂಡೆ ಕಟ್ಟಬಹುದು.
ಬೇಸಿಗೆಯ ಎಣ್ಣೆ.
ನಾದಾಮ್ ಹಬ್ಬಕ್ಕೆ ಹೋಗುವಾಗ ತುಂಬಿಸುವ ಎಣ್ಣೆ,
ಓಟದ ಕುದುರೆಗಳು ಬೆವರುವ ಕಾಲದ್ದು,
ಜನವರಿಗೆ ಮಾರಿದ್ದಾನೆ ಹುಡುಗ.
ಅಥವಾ ಅವನಿಗೆ ಮಾರಿದವನು. ಅಥವಾ ಅವನಿಗೆ ಮಾರಿದವನು.
ಹೀಗೆ ಹಿಂದೆ ಹಿಂದೆ ಹೋದರೆ
ನೆಲದಡಿಯ ಕತ್ತಲೆಯವರೆಗೂ ಬೈಯಬಹುದು.
ಪುರುಸೊತ್ತಿರಲಿಲ್ಲ.

ಮುಂದಿನ ಲಾರಿಯ ಕೆಂಪು ದೀಪ ಅಲುಗಿತು.
ಸಾಲು ಸರಿಯುವುದು ದಿನಕ್ಕೆ ಎರಡೋ ಮೂರೋ ಸಲ,
ಸರಿದಾಗ ಸರಿಯದವನ ಜಾಗ ಹಿಂದಿನವನದು.
ಯಾರೂ ಬರೆದಿಡದ ಕಾನೂನು,
ಅದಕ್ಕೇ ಯಾರೂ ಮುರಿಯುವುದಿಲ್ಲ.
ಹದಿನಾಲ್ಕರವರೆಗೆ ಎಣಿಸಿದೆ.
ಅವರನ್ನೇನೂ ಅನ್ನಲಾರೆ. ಮೊನ್ನೆ ನಾನೂ
ಒಬ್ಬನನ್ನು ದಾಟಿ ಬಂದವಳೇ:
ಟ್ಯಾಂಕಿನ ಕೆಳಗೆ ಬಾಣಲೆಯಲ್ಲಿ ಬೆರಣಿಯ ಕೆಂಡವಿಟ್ಟು
ಮಂಡಿಯೂರಿ ಊದುತ್ತಿದ್ದ.
ಕನ್ನಡಿಯಲ್ಲಿ ಸಣ್ಣಗಾದ, ಕಿಡಿಯಾದ,
ನಾನು ರೇಡಿಯೋದ ಸದ್ದು ಹೆಚ್ಚಿಸಿದ್ದೆ.

ಹದಿನೈದನೆಯದು ನಿಂತಿತು.
ಅವನೇ.
ಗುರುತು ಸಿಕ್ಕಿದ್ದು ಮುಖದಿಂದಲ್ಲ, ಬಾಣಲೆಯಿಂದ.
"ಎಷ್ಟು ಲೀಟರು?" ಅಂದ.
"ಇನ್ನೂರು ಚಿಲ್ಲರೆ."
"ಗವಸಿಲ್ಲದ ಹುಡುಗ ತಾನೆ?"
ಹೆಸರು ಚೋಯ್‌ಜಿಲ್. ಮೂರು ಹಲ್ಲು ಬಂಗಾರದ್ದು.
ಮೊನ್ನೆಯ ಮಾತು ಅವನೆತ್ತಲಿಲ್ಲ, ನಾನೂ ಎತ್ತಲಿಲ್ಲ.
ನನ್ನ ನಂಬರು ಪ್ಲೇಟು ನೋಡಿದ್ದನೋ ಏನೋ.

ಕೆಂಡ ಒಟ್ಟಿದ. ಕೊಳವೆಗೆ ಕಂಬಳಿಯ ಚೂರು ಸುತ್ತಿದ.
ಡಬ್ಬಿಯಿಂದ ಸೀಮೆಎಣ್ಣೆ ಸುರಿದ, ಮಗುವಿಗೆ ಔಷಧಿ ಅಳೆದಂತೆ.
ತನ್ನದೊಂದು ಹೊಸ ಫಿಲ್ಟರು ಕೈಗಿಟ್ಟು
"ಒಳಗಿಟ್ಟುಕೋ" ಅಂದ.
ಕುರಿದೊಗಲಿನ ದೇಲಿನ ಗುಂಡಿ ಬಿಚ್ಚಿ
ಹೊಟ್ಟೆಗೆ ಒತ್ತಿಕೊಂಡೆ. ಕಬ್ಬಿಣ ಕಚ್ಚಿತು.
ವಸಂತದ ಬಿರುಗಾಳಿಯಲ್ಲಿ ಹುಟ್ಟಿದ ಮರಿಗಳನ್ನು
ಅವ್ವ ಹೀಗೇ ಒಳಗಿಟ್ಟು ತರುತ್ತಿದ್ದಳು,
ಲೋಳೆ ಆರದ ಮರಿಗಳು. ಕೆಲವು ಡೇರೆ ಮುಟ್ಟುವ ಮೊದಲೇ
ಭಾರವಾಗುತ್ತಿದ್ದವು.
ಅವಳಿಗೆ ಗೊತ್ತಾಗುತ್ತಿತ್ತು. ಆದರೂ ಗುಂಡಿ ಬಿಚ್ಚುತ್ತಿರಲಿಲ್ಲ.
ನಮ್ಮ ಮಂದೆ ಮುಗಿದದ್ದು ಇಂಥದೇ ಒಂದು ಚಳಿಗೆ.
ನಾನು ಸ್ಟೇರಿಂಗು ಹಿಡಿದದ್ದು ಆಮೇಲೆ.

ಒಂದು ಗಂಟೆ ಅವನ ಕ್ಯಾಬಿನ್ನಿನಲ್ಲಿ ಕೂತೆವು, ಅದಕ್ಕೆ ಜೀವವಿತ್ತು.
ಉಪ್ಪು ಹಾಕಿದ ಹಾಲಿನ ಚಹಾ.
ಅವನು ಅಳಿಯನನ್ನು ಬೈದ, ಅಜ್ಜನ ಕಾಲದಿಂದ ಶುರುಮಾಡಿ.
ಹೊರಗೆ ಇಪ್ಪತ್ತಾರು ಲಾರಿ ನಮ್ಮಿಬ್ಬರನ್ನೂ ದಾಟಿದವು.
ಅವನು ಎಣಿಸಲಿಲ್ಲ. ನಾನು ಎಣಿಸಿದೆ.

ಕೈಪಂಪು ಒತ್ತಿದೆ, ಒತ್ತಿದೆ:
ಗಾಳಿ, ಗಾಳಿ, ನೊರೆ,
ಆಮೇಲೆ ಎಣ್ಣೆ, ಹರಿಯುವ ಎಣ್ಣೆ.
ಎಂಜಿನ್ನು ಬಿಳಿ ಹೊಗೆ ಕಾರಿ
ಎಲ್ಲರನ್ನೂ ಶಪಿಸುತ್ತ ಎದ್ದಿತು.

ದುಡ್ಡು ತೆಗೆದೆ. ಬೇಡವೆಂದ.
ಆಮೇಲೆ ನನ್ನ ಲಾರಿಯ ಬದಿಗೆ ನೇತುಹಾಕಿದ್ದ
ಕಲ್ಲಾದ ಮಾಂಸದ ಕಡುಬಿನ ಚೀಲ ನೋಡಿ
"ಅದು" ಅಂದ.
ಅರ್ಧ ಎಣಿಸಿ ಕೊಡಹೋದೆ.
ಪೂರ್ತಿ ತೆಗೆದುಕೊಂಡ.