ಹದಿನೇಳನೇ ದಿನದ ಲೆಕ್ಕ

ನೀರು ಬಂದಾಗ ಎಲ್ಲಾರೂ ಬಂದಿದ್ರು.
ಬೆಣ್ಣಿಹಳ್ಳದ ಕೆಸರಿನ್ಯಾಗ ಹೂತ ಗಾಲಿ ಎತ್ತಾಕ
ನಾವ ಕೈ ಕೊಟ್ಟಿವಿ, ನಮಗ ಅನ್ನ ತಂದ ಗಾಡಿಗೆ.
‘ಎಲ್ಲೀತನಕ ಬಂದಿತ್ತು?’ ಅಂದ ಕ್ಯಾಮೆರಾದಾವ.
ಇಮಾಂಬಿ ಕೊರಳ ಮುಟ್ಟಿ ತೋರಿಸಿದ್ಲು.
ಮತ್ತೊಮ್ಮೆ ತೋರಿಸು ಅಂದ, ಬೆಳಕು ಸರಿ ಇರಲಿಲ್ಲಂತ.

ಈಗ ನೀರು ಇಳದೈತಿ.
ಸಾಲಿ ಗ್ವಾಡಿಮ್ಯಾಲ ಅದರ ಗೆರಿ ಐತಿ,
ಹನ್ನೆರಡರ ಮಗ್ಗಿ ಅರ್ಧ ನುಂಗಿ.
ಜ್ವರಕ್ಕ ಗೆರಿ ಇಲ್ಲ.
ಹದಿನೇಳನೇ ದಿನ ಗಂಜಿ ಕೇಂದ್ರದ ಪಾತ್ರಿ ತೊಳದು
ಲೆಕ್ಕ ಹಚ್ಚಿ ಒಯ್ದ್ರು. ಅವತ್ತ ಸಂಜಿ
ಮೊದಲನೇ ಕೂಸಿನ ಕಣ್ಣು ಒಳಗ ಹೋದುವು.

ನಾನು ಆಶಾ. ಅದು ಕೆಲಸ, ಹೆಸರಲ್ಲ.
ಮನಿಮನಿಗೆ ಹೋಗಿ ಕೇಳ್ತೀನಿ: ಎಷ್ಟ ಸಲ ಹೋದ್ರಿ?
ಮುದುಕ ಸೋಮರಡ್ಡಿ ನಾಚಿ ಗ್ವಾಡಿ ಕಡೆ ತಿರುಗಿ
ಬೆರಳು ಎಣಸ್ತಾನ. ಎರಡೂ ಕೈ ಮುಗೀತಾವ.

ದಾನದ ಅರಿವಿ ಗುಡ್ಡದಾಗ
ಒಂದ ಕಾಲಿನ ಬೂಟು, ಮಂಜಿನ ದೇಶದ ಕೋಟು.
ಅದರ ಕಿಸೇದಾಗ ಯಾರದೋ ಬಸ್ ಚೀಟಿ,
ಓದಾಕ ಬರದ ಅಕ್ಷರ.
ಕೋಟಿನ ಮ್ಯಾಲ ಆಡು ಈದೈತಿ.

ಕ್ಲೋರಿನ್ ಗುಳಿಗಿ ಕೇಳಿದ್ರ ಫೋನಿನ್ಯಾಗ ನಗಿ:
‘ಅಕ್ಕಾರ, ಇನ್ನೂ ಮುಗದಿಲ್ಲೇನ್ರೀ ನಿಮ್ಮದು?’
ಎಲ್ಲೋ ಸಮುದ್ರದಾಚೆ ನೆಲ ನಡಗೇತಂತ,
ಬ್ಯಾನರಿನ್ಯಾಗ ಊರ ಹೆಸರು ಬದಲಾಗೇತಂತ.

ಇಮಾಂಬಿಗೆ ಹೇಳಿದೆ. ಮೊಮ್ಮಗಳ ತುಟಿಗೆ
ಉಪ್ಪುಸಕ್ರಿ ನೀರು ಹನಿಸಾಕತ್ತಿದ್ಲು,
ಕೈ ನಿಲ್ಲಿಸಲಿಲ್ಲ. ಕೇಳಿದ್ಲು:
‘ಅಲ್ಲಿ ಹುಡುಗೂರಿಗೆ ನೀರು ಕುದಿಸಿ ಕೊಡ್ರಿ ಅಂತ
ಯಾರರ ಹೇಳ್ಯಾರೇನು?’

ನನ್ನ ರಿಜಿಸ್ಟರಿನ್ಯಾಗ ಅದಕ್ಕ ಕಾಲಂ ಇಲ್ಲ.
ಬರಕೊಂಡೆ: ಓಆರ್‌ಎಸ್, ಉಳದದ್ದು ಮೂರು.